ಭೂವಿಜ್ಞಾನದ ಗುಂಪು ಪ್ರದರ್ಶನ: ವಿಷಯ ಬೇಡ, ಪ್ರಶ್ನೆ ಕೊಡಿ

ಆರಂಭಿಕ ಭೂವಿಜ್ಞಾನ ತರಗತಿಗೆ ‘ಶಿಲೆಗಳು’ ಅಥವಾ ‘ಭೂಕಂಪ’ ಎಂಬ ವಿಷಯ ಕೊಟ್ಟರೆ ಬರುವುದು ಒಂದು ಬಗೆಯ ಶಿಲೆ ಇನ್ನೊಂದಾಗುವುದನ್ನು ಬಾಣ ಬರೆದು ತೋರಿಸುವ ಶಿಲಾಚಕ್ರ, ಇಲ್ಲವೇ ಸೋಡಾ-ವಿನೆಗರ್ ಜ್ವಾಲಾಮುಖಿ. ಆ ಜ್ವಾಲಾಮುಖಿ ತೋರಿಸುವುದು ಆಮ್ಲ-ಕ್ಷಾರದ ಕ್ರಿಯೆಯನ್ನು. ನಿಜವಾದ ಸ್ಫೋಟದ ಜೋರನ್ನು ನಿರ್ಧರಿಸುವುದು ಶಿಲಾಪಾಕದಲ್ಲಿ (ನೆಲದೊಳಗಿನ ಕರಗಿದ ಕಲ್ಲಿನಲ್ಲಿ) ಬೆರೆತಿರುವ ಅನಿಲ ಮತ್ತು ಸಿಲಿಕಾದಿಂದ ಅದಕ್ಕೆ ಬರುವ ಅಂಟು. ಹಾಗಾಗಿ ನಾಲ್ವರ ಗುಂಪಿಗೆ ಒಂದು ಪ್ರಶ್ನೆ ಕೊಡಿ; ನೋಡುವವರು ಕೈಯಿಂದಲೋ ಅಳತೆಯಿಂದಲೋ ಉತ್ತರ ಪರೀಕ್ಷಿಸುವಂತಿರಲಿ.

‘ಭೂಮಿಯ ವಯಸ್ಸಿನಲ್ಲಿ ಮನುಷ್ಯನ ಪಾಲೆಷ್ಟು?’ ಎಂಬುದು ಎಂದೂ ಸೋಲದ ಪ್ರಶ್ನೆ. ಒಂದು ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಹಿಡಿದರೆ 460 ಕೋಟಿ ವರ್ಷಕ್ಕೆ 4.6 ಮೀಟರ್ ಪಟ್ಟಿ ಸಾಕು. ಇಂದಿನಿಂದ ಹಿಂದಕ್ಕೆ ಅಳೆದರೆ ಡೈನೋಸಾರ್‌ಗಳ ಅಳಿವು 6.6 ಸೆಂ.ಮೀ.ನಲ್ಲಿ, ಪರ್ಮಿಯನ್ ಎಂಬ ಭೂಕಾಲದ ಕೊನೆಯ ಮಹಾ ಅಳಿವು ಸುಮಾರು 25 ಸೆಂ.ಮೀ.ನಲ್ಲಿ, ಕೇಂಬ್ರಿಯನ್ ಎಂಬ ಭೂಕಾಲದ ಆರಂಭ ಸುಮಾರು 54 ಸೆಂ.ಮೀ.ನಲ್ಲಿ. ನಮ್ಮ ಜಾತಿಯ ಮೂರು ಲಕ್ಷ ವರ್ಷಕ್ಕೆ ಸಿಗುವುದು 0.3 ಮಿ.ಮೀ., ಪೆನ್ನಿನ ಗೆರೆಯಷ್ಟೂ ಇಲ್ಲ. ಎಡವುವುದು ಎರಡು ಕಡೆ. ಹಾಳೆಗಳನ್ನು ಒಂದರ ಮೇಲೊಂದು ಒಂದು ಸೆಂ.ಮೀ. ಏರಿಸಿ ಅಂಟಿಸಿದರೆ ಪ್ರತಿ ಜೋಡಣೆಯಲ್ಲೂ ಒಂದು ಕೋಟಿ ವರ್ಷ ಮಾಯ. ಒಂದು ಗುರುತಿನಿಂದ ಮುಂದಿನದಕ್ಕೆ ಅಳೆದರೆ ತಪ್ಪು ಕೂಡುತ್ತ ಹೋಗುತ್ತದೆ. ಮೊದಲು ಪಟ್ಟಿ ಅಂಟಿಸಿ, ಆಮೇಲೆ ಎಲ್ಲ ಗುರುತನ್ನೂ ‘ಇಂದು’ ಎಂಬ ತುದಿಯಿಂದಲೇ ಅಳೆಯಬೇಕು. ಕೊನೆಯ 54 ಸೆಂ.ಮೀ.ನಲ್ಲಿ ಹೆಸರುಗಳು ಕಿಕ್ಕಿರಿಯುತ್ತವೆ. ಆ ಭಾಗವನ್ನು ಐದು ಪಟ್ಟು ಹಿಗ್ಗಿಸಿ ಬೇರೆ ಪಟ್ಟಿ ಮಾಡಿ, ಬದಲಾದ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

‘ಒತ್ತಿದರೆ ಪದರ ಹೇಗೆ ಮುರಿಯುತ್ತದೆ?’ ಎಂಬುದಕ್ಕೆ ಪಾರದರ್ಶಕ ಪೆಟ್ಟಿಗೆ, ಒಳಗೆ ಅದರ ಅಗಲಕ್ಕೆ ಸರಿಯಾಗಿ ಜಾರುವ ಹಲಗೆ, ನುಣ್ಣನೆಯ ಮರಳು ಮತ್ತು ಹಿಟ್ಟು ಬೇಕು. ಒಂದು ಸೆಂ.ಮೀ. ಮರಳು, ಮೇಲೆ ತೆಳ್ಳಗೆ ಹಿಟ್ಟು, ಹೀಗೆ ಮೂರು ಸಲ. ಹಲಗೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದರೆ ಹಿಟ್ಟಿನ ಬಿಳಿ ಗೆರೆ ತುಂಡಾಗಿ ಒಂದು ಭಾಗ ಇನ್ನೊಂದರ ಮೇಲೇರುತ್ತದೆ: ವಿಲೋಮ ಸ್ತರಭಂಗ. ಹೊಸದಾಗಿ ಪದರ ಹಾಕಿ ಹಲಗೆಯನ್ನು ಹಿಂದಕ್ಕೆ ಎಳೆದರೆ ಒಂದು ಭಾಗ ಕೆಳಕ್ಕೆ ಜಾರುತ್ತದೆ: ಸಾಮಾನ್ಯ ಸ್ತರಭಂಗ. ಮರಳು ಒಣಗಿರಲೇಬೇಕು, ತೇವವಿದ್ದರೆ ಕಣಗಳು ಹಿಡಿದುಕೊಂಡು ಹೆಂಟೆಯಾಗಿ ಒಡೆಯುತ್ತವೆ. ಬದಿಯ ಗೋಡೆಗೆ ಉಜ್ಜಿ ಪದರ ಅಂಚಿನಲ್ಲಿ ಸೊಟ್ಟಗಾಗುವುದು ಸಹಜ, ಅದನ್ನು ಫಲಕದಲ್ಲೇ ಹೇಳಿಬಿಡಿ. ಪದರಗಳನ್ನು ಪ್ರದರ್ಶನದ ಮೇಜಿನ ಮೇಲೆಯೇ ಹಾಕಿ. ಹೊತ್ತು ತಂದ ಪೆಟ್ಟಿಗೆಯಲ್ಲಿ ಪದರ ಉಳಿಯುವುದಿಲ್ಲ.

ಅಡ್ಡಸೀಳಿನ ಚಿತ್ರ (ನೆಲವನ್ನು ಕತ್ತರಿಸಿ ಬದಿಯಿಂದ ನೋಡಿದಂಥದು) ಬರೆಯುವ ಗುಂಪು ಎತ್ತರವನ್ನು ಐದು ಪಟ್ಟು ಹಿಗ್ಗಿಸಿದರೆ 10 ಡಿಗ್ರಿ ಇಳಿಜಾರಿನ ಪದರ 41 ಡಿಗ್ರಿಯಾಗಿ ಕಾಣುತ್ತದೆ. ಅಡ್ಡ ಮತ್ತು ಲಂಬ ಅಳತೆ ಎರಡನ್ನೂ ಬರೆಯದ ಚಿತ್ರಕ್ಕೆ ಅಂಕ ಕೊಡಬಾರದು, ಬಣ್ಣ ಎಷ್ಟೇ ಚೆನ್ನಾಗಿರಲಿ.

ಖನಿಜದ ಮೇಜಿಗೆ ಜಿಪ್ಸಮ್ (2), ಕ್ಯಾಲ್ಸೈಟ್ (3), ಫೆಲ್ಡ್‌ಸ್ಪಾರ್ (6), ಕ್ವಾರ್ಟ್ಜ್ (7) ಸಾಕು; ಆವರಣದಲ್ಲಿರುವುದು ಮೋಸ್ ಕಾಠಿಣ್ಯ, ಅಂದರೆ ಗೀರನ್ನು ತಡೆಯುವ ಗಟ್ಟಿತನದ ಸಂಖ್ಯೆ; ಹೆಚ್ಚು ಸಂಖ್ಯೆಯದು ಕಡಿಮೆಯದನ್ನು ಗೀರುತ್ತದೆ. ಉಗುರು ಸುಮಾರು 2.5, ಗಾಜು ಸುಮಾರು 5.5. ಗೀರಿದ ಮೇಲೆ ಬೆರಳಿನಿಂದ ಒರೆಸಿ ನೋಡಬೇಕು: ಅಳಿಸಿಹೋದರೆ ಅದು ಪುಡಿ, ಗೀರಲ್ಲ. ಗಾಜನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲೆ ಸಮತಟ್ಟಾಗಿ ಇಡಿ, ಅಂಚಿಗೆ ಟೇಪ್ ಸುತ್ತಿ. ಎಲ್ಲರೂ ಮುಟ್ಟುವ ಕಡೆ ಹೈಡ್ರೋಕ್ಲೋರಿಕ್ ಆಮ್ಲ ಬೇಡ; ಕ್ಯಾಲ್ಸೈಟನ್ನು ಕೆರೆದು ಆ ಪುಡಿಯ ಮೇಲೆ ವಿನೆಗರ್ ಹನಿಸಿದರೂ ಗುಳ್ಳೆ ಬರುತ್ತದೆ. ಶಿಲೆಯ ಮಾದರಿಗೆ ಹೊಸದಾಗಿ ಒಡೆದ ಮುಖ ಇರಬೇಕು, ಗಾಳಿ-ಮಳೆಗೆ ಬಣ್ಣ ಕೆಟ್ಟ ಹೊರಪದರದಲ್ಲಿ ಕಣಗಳು ಕಾಣವು. ಸಂಖ್ಯೆಯನ್ನು ಕಲ್ಲಿನ ಮೇಲೆಯೇ ಬಿಳಿ ಬಣ್ಣದ ಚುಕ್ಕೆ ಇಟ್ಟು ಬರೆಯಿರಿ. ಪಕ್ಕದಲ್ಲಿಟ್ಟ ಚೀಟಿ ಅರ್ಧ ಗಂಟೆಯಲ್ಲಿ ಅದಲುಬದಲಾಗುತ್ತದೆ.

ಒಬ್ಬರು ಬರೆಯುವುದು, ಒಬ್ಬರು ಅಂಟಿಸುವುದು ಎಂದು ಕೆಲಸ ಹಂಚಿದರೆ ಅಂಟಿಸಿದವರು ಏನೂ ಕಲಿತಿರುವುದಿಲ್ಲ. ಪ್ರಶ್ನೆಯನ್ನೇ ನಾಲ್ಕು ಉಪಪ್ರಶ್ನೆಯಾಗಿ ಒಡೆದು ತಲಾ ಒಂದು ಕೊಡಿ, ಪ್ರತಿಯೊಬ್ಬರೂ ಅರವತ್ತು ಪದದೊಳಗೆ ವಿವರಣೆ ಬರೆಯಲಿ. ಅಂಕ ಹಾಕುವ ದಿನ ಪಕ್ಕದವರ ಭಾಗದ ಬಗ್ಗೆ ಕೇಳಿ.