ಬಿಸಿಲಿಗೆ ಕಾರಿನ ವ್ಯಾಕ್ಸ್ ಕರಗಿ ಹೋಗುತ್ತಾ?

ಪ್ರಶ್ನೆ: ನಾನಿರೋದು ಕಲಬುರಗಿಯಲ್ಲಿ. ಆಫೀಸ್ ಹತ್ತಿರ ನೆರಳಿಲ್ಲ, ಕಾರು ಇಡೀ ದಿನ ಬಿಸಿಲಲ್ಲೇ ನಿಲ್ಲುತ್ತೆ. ವ್ಯಾಕ್ಸ್ ಡಬ್ಬಿ ಮೇಲೆ ಮೂರು ತಿಂಗಳು ಅಂತ ಬರೆದಿದೆ, ಆದರೆ ಒಂದೇ ತಿಂಗಳಿಗೆ ನೀರು ಮಣಿಯಾಗಿ ನಿಲ್ಲೋದು ಹೋಯ್ತು. ಬಿಸಿಲಿಗೆ ಕರಗಿತಾ?

ಉತ್ತರ: ಬಿಸಿಲಿನ ಪಾಲು ಖಂಡಿತ ಇದೆ, ಆದರೆ ಎಷ್ಟು ಅಂತ ಕಾರನ್ನೇ ಕೇಳಬಹುದು. ಮೊದಲು ಕಾರ್ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ, ಯಾಕಂದ್ರೆ ನಿಮ್ಮ ಕಡೆಯ ಧೂಳು ಪದರವಾಗಿ ಕೂತರೆ ಕೆಳಗೆ ವ್ಯಾಕ್ಸ್ ಇದ್ದರೂ ನೀರು ಮಣಿಯಾಗಲ್ಲ. ಆಮೇಲೆ ರೂಫ್ ಮೇಲೆ ಒಂದು ಮಗ್ ನೀರು ಸುರಿಯಿರಿ, ಬಾಗಿಲಿನ ಮೇಲ್ಭಾಗಕ್ಕೂ ಅಷ್ಟೇ. ಬಾಗಿಲಲ್ಲಿ ನೀರು ಹನಿಹನಿಯಾಗಿ ಜಾರಿ, ರೂಫ್‌ನಲ್ಲಿ ಮಾತ್ರ ಹಾಳೆಯ ಹಾಗೆ ಹರಡಿಕೊಂಡರೆ ಅದು ಬಿಸಿಲಿನದೇ ಕೆಲಸ. ಎರಡೂ ಕಡೆ ಹರಡಿದರೆ ತೊಳೆಯುವ ರೀತಿಯ ಮೇಲೆ ಅನುಮಾನ ಪಡಿ.

ಕಾರಿನ ವ್ಯಾಕ್ಸ್‌ನಲ್ಲಿ ಹೆಸರಾದದ್ದು ಕಾರ್ನೌಬಾ, ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ತೆಗೆಯುವ ಮೇಣ. ಅದು ಕರಗೋದು ಸುಮಾರು 82ರಿಂದ 86 ಡಿಗ್ರಿಗೆ. ಮೇ ತಿಂಗಳ ಮಧ್ಯಾಹ್ನ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟುವುದುಂಟು, ಅಂದ್ರೆ ಶುದ್ಧ ಕಾರ್ನೌಬಾ ಕರಗುವಷ್ಟು ಅಲ್ಲ. ಆದರೆ ಡಬ್ಬಿಯಲ್ಲಿ ಇರೋದು ಬರೀ ಕಾರ್ನೌಬಾ ಅಲ್ವಲ್ಲ! ಹಚ್ಚೋಕೆ ಸುಲಭವಾಗಲಿ ಅಂತ ಜೇನುಮೇಣ, ಪ್ಯಾರಾಫಿನ್, ಎಣ್ಣೆಗಳನ್ನೂ ಬೆರೆಸಿರುತ್ತಾರೆ. ಜೇನುಮೇಣ 62–64 ಡಿಗ್ರಿಗೇ ಕರಗುತ್ತೆ. ಹಾಗಾಗಿ ಪದರ ದಿನಾ ಮಧ್ಯಾಹ್ನ ಮೆತ್ತಗಾಗುತ್ತೆ, ಧೂಳು ಅದಕ್ಕೆ ಅಂಟುತ್ತೆ, ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿದಾಗ ಧೂಳಿನ ಜೊತೆ ವ್ಯಾಕ್ಸೂ ಹೋಗುತ್ತೆ, ಪೇಂಟ್ ಮೇಲೆ ಸಣ್ಣ ಗೀರುಗಳೂ ಬೀಳುತ್ತವೆ. ಇದರ ಮೇಲೆ ಅತಿನೇರಳೆ ಕಿರಣ ಮೇಣವನ್ನು ನಿಧಾನವಾಗಿ ಒಡೆಯುತ್ತಾ ಬರುತ್ತೆ. ನನ್ನ ಪ್ರಕಾರ ಬಿಸಿಲಿಗಿಂತ ಆ ಒಣಬಟ್ಟೆಯೇ ದೊಡ್ಡ ಶತ್ರು. ದಯವಿಟ್ಟು ಬಿಟ್ಟುಬಿಡಿ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಕೂಡ ಬೇಡ. ಜಿಡ್ಡು ತೆಗೆಯೋದೇ ಅವುಗಳ ಕೆಲಸ, ವ್ಯಾಕ್ಸನ್ನೂ ಬಿಡಲ್ಲ. ಬೋರ್‌ವೆಲ್‌ನ ಗಡುಸು ನೀರು ಬಿಸಿಲಲ್ಲಿ ಒಣಗಿದರೆ ಬಿಳಿ ಕಲೆ ಉಳಿಯುತ್ತೆ, ತೊಳೆದ ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ತೆಗೆಯಿರಿ. ಹಕ್ಕಿ ಹಿಕ್ಕೆ ಬಿದ್ದರೆ ಅವತ್ತೇ ನೆನೆಸಿ ತೆಗೆಯಬೇಕು. ಬಿಸಿ ಪೇಂಟ್ ಮೇಲೆ ಅದು ವ್ಯಾಕ್ಸ್ ದಾಟಿ ಕ್ಲಿಯರ್ ಕೋಟ್‌ಗೂ (ಬಣ್ಣದ ಮೇಲಿರುವ ಪಾರದರ್ಶಕ ಪದರ) ಕಲೆ ಮಾಡುತ್ತೆ.

ಮಳೆ ವಿಷಯ ಬೇರೆ. ಮಂಗಳೂರು, ಉಡುಪಿ ಕಡೆ ಬರೀ ಮಳೆನೀರಿಗೆ ವ್ಯಾಕ್ಸ್ ಹೋಗೋದು ಕಡಿಮೆ, ರಸ್ತೆಯ ಕೆಸರು ಎರಚಿ, ಅದಕ್ಕಾಗಿ ಪದೇ ಪದೇ ತೊಳೆದು ಹೋಗೋದೇ ಜಾಸ್ತಿ. ಅಲ್ಲಿ ಮೊದಲು ಖಾಲಿಯಾಗೋದು ಬಾಗಿಲಿನ ಕೆಳಭಾಗ, ನಿಮ್ಮಲ್ಲಿ ರೂಫ್ ಮತ್ತು ಬಾನೆಟ್.

ನಿಮ್ಮ ಊರಿನ ಬೇಸಿಗೆಗೆ ನಾನು ಹೇಳೋದು ಸಿಂಥೆಟಿಕ್ ಸೀಲೆಂಟ್, ಅಂದ್ರೆ ಮೇಣದ ಬದಲು ಹಚ್ಚುವ ಕೃತಕ ರಕ್ಷಣಾ ಲೇಪ. ಹೊಳಪು ಕಾರ್ನೌಬಾದಷ್ಟು ಆಳವಾಗಿ ಕಾಣದಿರಬಹುದು, ಆದರೆ ಶಾಖವನ್ನು ಚೆನ್ನಾಗಿ ತಡೆದುಕೊಳ್ಳುತ್ತೆ. ಕಾರ್ನೌಬಾನೇ ಬೇಕು ಅಂದ್ರೆ ಇಡೀ ಕಾರಿಗೆ ಹಚ್ಚುತ್ತಾ ಕೂರಬೇಡಿ, ರೂಫ್, ಬಾನೆಟ್, ಡಿಕ್ಕಿ ಮೇಲ್ಭಾಗಕ್ಕೆ ಮಾತ್ರ ತಿಂಗಳಿಗೊಮ್ಮೆ ಹಚ್ಚಿ. ಬೆಳಿಗ್ಗೆ ಬೇಗ, ನೆರಳಲ್ಲಿ, ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ಮೈಮೇಲೆ ಹಚ್ಚಿದರೆ ಸರಿಯಾಗಿ ಹರಡುವ ಮೊದಲೇ ಒಣಗಿ ಪಟ್ಟೆಪಟ್ಟೆಯಾಗುತ್ತೆ, ಆಮೇಲೆ ಉಜ್ಜಿ ತೆಗೆಯೋಕೆ ಕೈ ಸೋತು ಹೋಗುತ್ತೆ.