ಡೀಜೇ: ರೆಗೆಯಲ್ಲಿ ಮೈಕ್ ಹಿಡಿದವನು

ನಮ್ಮಲ್ಲಿ ಡಿಜೆ ಎಂದರೆ ಹಾಡು ಹಾಕುವವನು, ಇಲ್ಲವೇ ಮೆರವಣಿಗೆಯಲ್ಲಿ ಬರುವ ಸ್ಪೀಕರ್ ಗಾಡಿ. ಜಮೈಕಾದ ರೆಗೆ ಸಂಗೀತದಲ್ಲಿ ಅರ್ಥವೇ ಬೇರೆ. ರೆಕಾರ್ಡ್ ಆಯ್ದು ಹಾಕುವವನನ್ನು ಅಲ್ಲಿ ಸೆಲೆಕ್ಟರ್ ಎನ್ನುತ್ತಾರೆ. ಓಡುತ್ತಿರುವ ಹಾಡಿನ ಮೇಲೆ ತಾಳಕ್ಕೆ ಸರಿಯಾಗಿ ಮಾತು ಕಟ್ಟುವವನು ಡೀಜೇ, ಅವನ ಕಲೆ ಟೋಸ್ಟಿಂಗ್.

1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಬಡಾವಣೆಗಳಲ್ಲಿ ಸೌಂಡ್ ಸಿಸ್ಟಮ್‌ಗಳ ಕಾಲ. ಬಯಲಲ್ಲಿ ಭಾರಿ ಸ್ಪೀಕರ್ ನಿಲ್ಲಿಸಿ, ಅಮೆರಿಕದ ರೆಕಾರ್ಡ್ ಹಾಕಿ ಜನರನ್ನು ಕುಣಿಸುತ್ತಿದ್ದರು. ಪಕ್ಕದ ಬೀದಿಯಲ್ಲೇ ಇನ್ನೊಬ್ಬನ ಸೆಟ್ಟು. ಜನ ಅತ್ತ ಹೋಗದಂತೆ ಹಿಡಿದಿಡಬೇಕು. ಕೌಂಟ್ ಮಚುಕಿ ಎಂದು ಹೆಸರಾದ ವಿನ್‌ಸ್ಟನ್ ಕೂಪರ್ ಮೈಕ್ ಹಿಡಿದದ್ದು ಅಲ್ಲಿ. ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನ ಜೈವ್ ಎಂಬ ಚುರುಕು ಆಡುಮಾತುಗಳಿದ್ದ ಪತ್ರಿಕೆಯೊಂದರಿಂದ ಪ್ರಾಸಗಳನ್ನು ಎತ್ತಿಕೊಂಡು, ತನ್ನವನ್ನೂ ಸೇರಿಸಿ, ಹಾಡಿನ ಮೇಲೆಯೇ ಹರಿಬಿಡುತ್ತಿದ್ದ. ಬಾಯಲ್ಲೇ ತಾಳದ ಸದ್ದು ಮಾಡುತ್ತಿದ್ದ. ಅದು ರೆಗೆಗೂ ಮುಂಚಿನ ಜಮೈಕನ್ ಸಂಗೀತವಾದ ಸ್ಕಾದ ಎಷ್ಟೋ ರೆಕಾರ್ಡುಗಳ ಒಳಗೂ ಇದೆ, ಲೇಬಲ್ ಮೇಲೆ ಅವನ ಹೆಸರಿಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಈ ಕಲೆಗೆ ದಾರಿ ಹಾಕಿದವನ ಸ್ವಂತ ರೆಕಾರ್ಡು ಇಲ್ಲವೆನ್ನುವಷ್ಟು ಕಡಿಮೆ. ಆ ರಾತ್ರಿಗಳ ಮಾತು ಆ ರಾತ್ರಿಗೇ ಮುಗಿಯಿತು.

ರೆಕಾರ್ಡಿಗಾದರೋ ಗಾಡಿಯಿತ್ತು. 1962ರಲ್ಲಿ ಐಲ್ಯಾಂಡ್ ರೆಕಾರ್ಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿನ ಜಮೈಕನ್ ಅಂಗಡಿಗಳಿಗೆ ತನ್ನ ಮಿನಿ ಕಾರಿನಲ್ಲೇ ರೆಕಾರ್ಡ್ ಹೊತ್ತೊಯ್ದು ಮಾರುತ್ತಿದ್ದ. ಬ್ರಿಟನ್ನಿನ ಟ್ರೋಜನ್ ರೆಕಾರ್ಡ್ ಕಂಪನಿಯ ಹೆಸರು ಬಂದಿದ್ದೂ ಒಂದು ಲಾರಿಯಿಂದ: ಕಿಂಗ್‌ಸ್ಟನ್‌ನಲ್ಲಿ ಸೌಂಡ್ ಸಿಸ್ಟಮ್ ನಡೆಸಿ, ರೆಕಾರ್ಡನ್ನೂ ಮಾಡಿಸುತ್ತಿದ್ದ ಮಾಜಿ ಪೊಲೀಸ್ ಡ್ಯೂಕ್ ರೀಡ್ ತನ್ನ ಸ್ಪೀಕರ್‌ಗಳನ್ನು ಸಾಗಿಸುತ್ತಿದ್ದ ಲಾರಿ. ಹೀಗೆ ಊರು ದಾಟಿದ್ದು ಹಾಡುಗಾರರ ದನಿ. ಡೀಜೇಯ ಮಾತು ಬಯಲಲ್ಲೇ ಉಳಿಯಿತು.

ಅದು ಬದಲಾಗಿದ್ದು ಒಂದು ಕೈತಪ್ಪಿನಿಂದ. 1960ರ ದಶಕದ ಕೊನೆಯಲ್ಲಿ ರೀಡ್‌ನ ಸ್ಟುಡಿಯೋದಲ್ಲಿ, ತನ್ನದೇ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ರಡಿ ರೆಡ್‌ವುಡ್ ಎಂಬವನಿಗಾಗಿ ಪ್ಯಾರಗಾನ್ಸ್ ತಂಡದ ಹಾಡೊಂದನ್ನು ಡಿಸ್ಕಿಗೆ ಇಳಿಸುವಾಗ, ಎಂಜಿನಿಯರ್ ಗಾಯಕರ ದನಿ ಸೇರಿಸುವುದನ್ನು ಮರೆತ. ರೆಡ್‌ವುಡ್ ಅದನ್ನು ಹಾಗೆಯೇ ಕುಣಿತಕ್ಕೆ ಒಯ್ದು ಹಾಕಿದ. ನೆರೆದವರೆಲ್ಲ ತಾವೇ ಹಾಡಿದರು! ಮುಂದೆ ದನಿಯಿಲ್ಲದ ಈ ಬಗೆಯ ಹಾಡಿಗೆ ವರ್ಷನ್ ಎಂಬ ಹೆಸರು ನಿಂತಿತು. ರೆಕಾರ್ಡಿನ ಎರಡನೇ ಮಗ್ಗುಲು ಅದಕ್ಕೇ ಮೀಸಲಾಯಿತು. ಮಾತಿಗೆ ಜಾಗ ಸಿಕ್ಕಿತು.

1969ರಲ್ಲಿ ಮಚುಕಿಯ ಗರಡಿಯಲ್ಲಿ ಬೆಳೆದ ಡೀಜೇ ಕಿಂಗ್ ಸ್ಟಿಟ್‌ನ ರೆಕಾರ್ಡುಗಳು ಬಂದವು. 1970ರಲ್ಲಿ ಇನ್ನೊಬ್ಬ ಡೀಜೇ ಯು-ರಾಯ್, ಅದೇ ರೀಡ್‌ನ ಹಳೆಯ ಹಾಡುಗಳ ಮೇಲೆ ಮಾತು ಕಟ್ಟಿ, ಮೂರು ರೆಕಾರ್ಡುಗಳನ್ನು ಒಟ್ಟಿಗೇ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿಸಿದ. ತನಗೆ ಸ್ಫೂರ್ತಿ ಮಚುಕಿಯೇ ಎಂದು ಅವನು ಹೇಳಿಕೊಂಡಿದ್ದಾನೆ.

ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕೂಲ್ ಹರ್ಕ್ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆಸಿದ ಕುಣಿತದಿಂದ ಹಿಪ್‌ಹಾಪ್‌ನ ಲೆಕ್ಕ ಶುರುವಾಗುತ್ತದೆ. ಅಲ್ಲಿ ರೆಕಾರ್ಡ್ ತಿರುಗಿಸುವವನೇ ಡಿಜೆ, ಮಾತಾಡುವವನು ಎಂಸಿ. ರೆಗೆಯ ಬಗ್ಗೆ ಓದುವಾಗ ಡೀಜೇ ಎಂದು ಕಂಡಲ್ಲೆಲ್ಲ ಈ ಎಂಸಿಯನ್ನೇ ನೆನೆಯಬೇಕು.