ಕಾಲಿಗೆ ದಬ್ಬೆ ಇರುವಾಗಲೇ ಮರಿಯನ್ನು ಪಳಗಿಸಿ

ಮಳೆ, ಚಳಿ ಶುರುವಾದರೆ ಬೆಕ್ಕಿನ ಮರಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಗಾಡಿಗಳೊಳಗೆ ಸೇರಿಕೊಳ್ಳುತ್ತವೆ. ಕಾರಿನ ಬಾನೆಟ್ ಒಳಗೆ, ಸ್ಕೂಟರಿನ ಇಂಜಿನ್ ಪಕ್ಕ. ಬೆಳಗ್ಗೆ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಾರೆ, ಅಷ್ಟೇ. ಮೈಸೂರಿನ ನನ್ನ ಕ್ಲಿನಿಕ್ಕಿಗೆ ಕಾಲು ಮುರಿದುಕೊಂಡು ಬರುವ ಮರಿಗಳಲ್ಲಿ ಇಂಥವೂ ಇರುತ್ತವೆ, ತಾರಸಿಯಿಂದ ಬಿದ್ದವೂ ಇರುತ್ತವೆ. ಹೊರಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿದರೆ ಎಷ್ಟೋ ಮರಿಗಳು ಉಳಿಯುತ್ತವೆ.

ಎಕ್ಸ್‌ರೇ ತೆಗೆದು, ದಬ್ಬೆ ಕಟ್ಟಿ, ಕೇಜಿನಲ್ಲಿಡಿ ಎಂದು ಹೇಳಿ ಕಳಿಸುತ್ತೇವೆ. ಎಳೆ ಮೂಳೆ ಬೇಗ ಕೂಡುತ್ತದೆ. ಸಾಧಾರಣ ಮುರಿತವಾದರೆ 3ರಿಂದ 4 ವಾರ ಸಾಕು. ಮನೆಗೆ ಹೋದ ಮೇಲೆ ಹೆಚ್ಚಿನವರು ಮಾಡುವುದು ಒಂದೇ. "ಪಾಪ, ನೋವಲ್ಲಿದೆ, ಸುಮ್ನೆ ಬಿಟ್ಬಿಡೋಣ" ಅಂತ ಕೇಜನ್ನು ಹಿಂದಿನ ರೂಮಿನಲ್ಲಿಟ್ಟು ಬಾಗಿಲು ಹಾಕುತ್ತಾರೆ. ದಿನಕ್ಕೆ ಮೂರು ಸಲ ಊಟ ಒಳಗಿಡುತ್ತಾರೆ, ಬರುತ್ತಾರೆ.

ಅವರ ಮನಸ್ಸು ಒಳ್ಳೆಯದೇ. ಆದರೆ ಬೆಕ್ಕಿನ ಮರಿ ಮನುಷ್ಯರ ಜೊತೆ ಸಲಿಗೆ ಬೆಳೆಸಿಕೊಳ್ಳುವ ಕಾಲ ತುಂಬ ಚಿಕ್ಕದು. ಹುಟ್ಟಿದ 2ನೇ ವಾರದಿಂದ ಸುಮಾರು 7ನೇ ವಾರದವರೆಗೆ. ಆಮೇಲೂ ಕಲಿಯುತ್ತದೆ, ಆದರೆ ಪ್ರತಿ ವಾರ ಕಳೆದಂತೆ ಕಷ್ಟ ಹೆಚ್ಚು. ಆರು ವಾರದ ಮರಿಯನ್ನು ನಾಲ್ಕು ವಾರ ಒಂಟಿಯಾಗಿ ಕೂಡಿಟ್ಟರೆ ಹತ್ತನೇ ವಾರಕ್ಕೆ ಹೊರಗೆ ಬರುತ್ತದೆ. ಕಾಲು ನೆಟ್ಟಗಿರುತ್ತದೆ, ಮರಿ ಮಾತ್ರ ಕೈ ಕಂಡರೆ ಬುಸುಗುಟ್ಟುತ್ತದೆ. ಅಂಥ ಮರಿಯನ್ನು ಸಾಕಲು ಯಾರೂ ಮುಂದೆ ಬರುವುದಿಲ್ಲ. ನನಗೆ ತುಂಬ ಬೇಜಾರು ಮಾಡುವ ವಿಷಯ ಇದು.

ಮುಟ್ಟುವ ಮುಂಚೆ ನೋವು ಕಡಿಮೆಯಾಗಬೇಕು. ನೋವಿರುವಾಗ ಎತ್ತಿಕೊಂಡರೆ ಮರಿ ನೋವನ್ನೂ ನಿಮ್ಮ ಕೈಯನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ. ಬೆಕ್ಕು ನೋವಿಗೆ ಕೂಗಾಡುವುದು ಕಡಿಮೆ, ಮುಖ ನೋಡಿ ತಿಳಿಯಬೇಕು. ಕಣ್ಣು ಅರ್ಧ ಮುಚ್ಚಿರುತ್ತದೆ. ಕಿವಿಗಳು ಪಕ್ಕಕ್ಕೆ ವಾಲಿರುತ್ತವೆ. ತಲೆ ಭುಜಕ್ಕಿಂತ ಕೆಳಗಿರುತ್ತದೆ. ಗುರ್ ಗುರ್ ಅನ್ನುತ್ತಿದೆ, ಆರಾಮಾಗಿದೆ ಅಂದುಕೊಳ್ಳಬೇಡಿ. ನೋವಿನಲ್ಲೂ ಬೆಕ್ಕು ಗುರ್ ಅನ್ನುತ್ತದೆ. ಇಂಥದ್ದು ಕಂಡರೆ ಫೋನ್ ಮಾಡಿ, ತೂಕ ನೋಡಿ ಔಷಧಿ ಕೊಡುತ್ತೇವೆ. ಮನೆಯಲ್ಲಿರುವ ಡೋಲೋ, ಕ್ರೋಸಿನ್ ಮಾತ್ರ ದಯವಿಟ್ಟು ಕೊಡಬೇಡಿ. ಪ್ಯಾರಾಸಿಟಮಾಲ್ ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾಗದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ಮಾತ್ರೆ ಒಂದು ಮರಿಯ ಜೀವ ತೆಗೆಯುತ್ತದೆ.

ಕೇಜನ್ನು ಹಾಲಿನ ಮೂಲೆಯಲ್ಲಿಡಿ. ಟಿವಿ ಪಕ್ಕ ಬೇಡ. ಮೂರು ಕಡೆ ಬಟ್ಟೆ ಮುಚ್ಚಿ, ಒಂದು ಕಡೆ ತೆರೆದಿರಲಿ. ಒಳಗೆ ಒಂದು ರಟ್ಟಿನ ಡಬ್ಬ ಮಗ್ಗುಲಾಗಿ ಮಲಗಿಸಿ. ಅಡಗಲು ಜಾಗವಿದ್ದರೆ ಮರಿಗೆ ಧೈರ್ಯ. ಮರಳಿನ ಟ್ರೇ ಅಂಚು ತಗ್ಗಾಗಿರಲಿ, ದಬ್ಬೆ ಕಟ್ಟಿದ ಕಾಲು ಎತ್ತಿ ದಾಟಲು ಆಗುವುದಿಲ್ಲ.

ಮೊದಲ ಎರಡು ದಿನ ನೆಲದ ಮೇಲೆ ಕೂತು ಸುಮ್ನೆ ಮಾತಾಡಿ. ಪೇಪರ್ ಓದಿ, ಸೊಪ್ಪು ಬಿಡಿಸಿ. ದಿಟ್ಟಿಸಿ ನೋಡಬೇಡಿ, ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆಯಿರಿ. ಆಮೇಲೆ ಉದ್ದನೆಯ ಚಮಚದ ತುದಿಯಲ್ಲಿ ಊಟ ಹಿಡಿಯಿರಿ. ದಿನ ಕಳೆದಂತೆ ಚಮಚ ಗಿಡ್ಡವಾಗಲಿ, ಕೊನೆಗೆ ಬೆರಳಿನಿಂದಲೇ ನೆಕ್ಕಲಿ. ಮೂತಿಯ ಮುಂದೆ ಒಂದು ಬೆರಳು ಇಡಿ, ಅದೇ ಬಂದು ಮೂಸಬೇಕು. ಕೆನ್ನೆ ಒತ್ತಿ ಉಜ್ಜಿದರೆ ಅದು ಒಪ್ಪಿಗೆ. ಕೆನ್ನೆ, ಗದ್ದ, ಕಿವಿಯ ಬುಡ ಸವರಿ. ಹೊಟ್ಟೆ, ಬಾಲದ ತಂಟೆ ಬೇಡ. ಬಾಲ ಬಡಿಯಲು ಶುರುಮಾಡಿದರೆ ಕೈ ತೆಗೆಯಿರಿ.

ಒಂದೇ ಸಲ ಅರ್ಧ ಗಂಟೆಗಿಂತ ಐದೈದು ನಿಮಿಷ, ದಿನಕ್ಕೆ ಹಲವು ಸಲ ಒಳ್ಳೆಯದು. ಒಟ್ಟು ಸಮಯ ಮಾತ್ರ ಕಡಿಮೆಯಾಗಬಾರದು. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಇದನ್ನೇ ಪರೀಕ್ಷಿಸಿದರು. ದಿನಕ್ಕೆ 40 ನಿಮಿಷ ಮನುಷ್ಯರ ಕೈಯಲ್ಲಿದ್ದ ಮರಿಗಳು 15 ನಿಮಿಷದ ಮರಿಗಳಿಗಿಂತ ಜನರ ಹತ್ತಿರ ಬೇಗ ಬಂದವು. ಒಬ್ಬರೇ ಮಾಡಿದರೆ ಅವರೊಬ್ಬರಿಗೇ ಅಂಟಿಕೊಳ್ಳುತ್ತದೆ. ಅಜ್ಜಿ, ಮಕ್ಕಳು, ದಪ್ಪ ದನಿಯ ಚಿಕ್ಕಪ್ಪ, ಪಕ್ಕದ ಮನೆಯವರು, ಎಲ್ಲರೂ ಸರದಿ ಹಾಕಿಕೊಳ್ಳಲಿ. ಮಕ್ಕಳು ಕೂತೇ ಮುಟ್ಟಬೇಕು, ಎತ್ತಿಕೊಳ್ಳಬಾರದು.

ಊಟದ ವಿಷಯ ಹೇಳಲೇಬೇಕು. ನಮ್ಮ ಅಗ್ರಹಾರ, ಸರಸ್ವತಿಪುರಂ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕುವುದು ರೂಢಿ. ಹಸುವಿನ ಹಾಲಿಗೆ ಎಷ್ಟೋ ಮರಿಗಳಿಗೆ ಭೇದಿ ಆಗುತ್ತದೆ, ಬ್ಯಾಂಡೇಜ್ ಒದ್ದೆಯಾಗಿ ಚರ್ಮ ಕೊಳೆಯುತ್ತದೆ. ಬೆಕ್ಕಿಗೆ ಮಾಂಸದ ಪ್ರೋಟೀನ್ ಬೇಕೇ ಬೇಕು, ಮೂಳೆ ಕೂಡುವಾಗ ಇನ್ನೂ ಜಾಸ್ತಿ. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಅಂದರೆ ಮರಿಗಳಿಗೆಂದೇ ಬರುವ ಒಣ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ.

ದಿನಕ್ಕೆ ಎರಡು ಸಲ ಬ್ಯಾಂಡೇಜಿನ ತುದಿಯಲ್ಲಿ ಕಾಣುವ ಎರಡು ನಡುಬೆರಳುಗಳನ್ನು ನೋಡಿ. ಒಂದಕ್ಕೊಂದು ತಾಗಿಕೊಂಡು ಬೆಚ್ಚಗಿದ್ದರೆ ಸರಿ. ಊದಿ ದೂರ ಸರಿದಿದ್ದರೆ, ತಣ್ಣಗಿದ್ದರೆ, ಕೆಟ್ಟ ವಾಸನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಊಟ ಕೊಡುತ್ತಲೇ ಹೀಗೆ ನೋಡಿದರೆ ಪಾದ ಮುಟ್ಟಿಸಿಕೊಳ್ಳುವುದು ಅಭ್ಯಾಸವಾಗುತ್ತದೆ. ಮುಂದೆ ಉಗುರು ಕತ್ತರಿಸುವಾಗ ಜಗಳವಿರುವುದಿಲ್ಲ.

ಆಟಕ್ಕೆ ಕೈ ಕೊಡಬೇಡಿ. ಈಗ ಮುದ್ದಾಗಿ ಕಚ್ಚುವುದು ಆರು ತಿಂಗಳಿಗೆ ರಕ್ತ ಬರಿಸುತ್ತದೆ. ಕಡ್ಡಿಯ ತುದಿಗೆ ಬಟ್ಟೆ ಚೂರು ಕಟ್ಟಿ, ನೆಗೆಯದ ಹಾಗೆ ನೆಲಮಟ್ಟದಲ್ಲೇ ಆಡಿಸಿ. ಹೂ ಕಟ್ಟುವ ದಾರದ ಉಂಡೆ ಹತ್ತಿರವೂ ಸುಳಿಯಬಾರದು. ಮಲ್ಲಿಗೆ ಕಟ್ಟುವ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಇನ್ನೊಂದು ತುದಿ ಕರುಳಿಗೆ ಇಳಿದು ಕರುಳನ್ನೇ ಕುಯ್ಯುತ್ತದೆ. ಬಾಯಲ್ಲಿ ದಾರ ಕಂಡರೆ ಎಳೆಯಬೇಡಿ, ಹಾಗೇ ಕರೆತನ್ನಿ.

ಬೀದಿಯಿಂದ ತಂದ ಮರಿಯನ್ನು ಮೊದಮೊದಲು ಟವೆಲಿನಲ್ಲಿ ಸುತ್ತಿಯೇ ಎತ್ತಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮರಿ ತಾನೇ ಅನ್ನುವ ಮಾತು ಬೇಡ, ರೇಬೀಸ್ ಬಂದ ಮೇಲೆ ಮದ್ದಿಲ್ಲ.

ಮಂಡ್ಯ ಕಡೆಯವರಿಗೆ ಇನ್ನೊಂದು ಮಾತು. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಸಿಗುವ ಮರಿ ಕಾಡುಬೆಕ್ಕಿನದ್ದಿರಬಹುದು, ಚಿರತೆಯದ್ದೂ ಇರಬಹುದು. ಅದನ್ನು ಪಳಗಿಸಬಾರದು, ಸಾಕುವುದು ಕಾನೂನಿಗೂ ವಿರುದ್ಧ. ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಸಾಧ್ಯವಾದರೆ ಅವರು ತಾಯಿಯ ಜೊತೆ ಸೇರಿಸುತ್ತಾರೆ.

ದಬ್ಬೆ ಬಿಚ್ಚಿದ ದಿನವೇ ಇಡೀ ಮನೆ ಬಿಟ್ಟುಕೊಡಬೇಡಿ. ಮೊದಲ ಒಂದು ವಾರ ಒಂದೇ ರೂಮು, ಹತ್ತಲು ಮಂಚ, ಸೋಫಾ ಇಲ್ಲದ್ದು. ಕೇಜು ಬಾಗಿಲು ತೆರೆದು ಅಲ್ಲೇ ಇರಲಿ, ಹೆದರಿದಾಗ ಅದರೊಳಗೇ ಓಡುತ್ತದೆ. 8 ವಾರ ತುಂಬಿದ್ದರೆ ಮೊದಲ ಲಸಿಕೆ ಯಾವಾಗ ಅಂತ ಡಾಕ್ಟರನ್ನು ಅದೇ ಭೇಟಿಯಲ್ಲಿ ಕೇಳಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.